ಹರತಾಳದಿಂದ ಲೇಸರ್‌ವರೆಗೆ: ‘ಪರ್ಮನೆಂಟ್’ ಎಂಬ ಮಾತಿನ ಚರಿತ್ರೆ

ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಒಡಹುಟ್ಟಿದವರ ಮುಂದೆಯೂ ಬಾಯಿಬಿಟ್ಟು ಹೇಳದ ಒಂದು ಚಿಂತೆ ಇದೆ. ಗದ್ದದ ಮೇಲೆ, ಮೇಲ್ದುಟಿಯ ಮೇಲೆ, ಕಿವಿಯ ಪಕ್ಕದಲ್ಲಿ ಬರುವ ದಪ್ಪ ಕೂದಲಿನ ಚಿಂತೆ ಅದು. ಗಂಡಿನ ಕಡೆಯವರು ನೋಡಲು ಬರುತ್ತಾರೆ ಎಂದರೆ ಹಿಂದಿನ ದಿನ ಬಾಗಿಲು ಹಾಕಿಕೊಂಡು ಕೀಳುವುದು, ಮದುವೆಯಾದ ಮೇಲೆ ಮನೆಯವರು ಏಳುವ ಮೊದಲು ಎದ್ದು ಕೀಳುವುದು, ಹೀಗೆ ವರ್ಷಗಟ್ಟಲೆ ನಡೆಯುತ್ತದೆ.

ಇಂಥವರ ಕೈಯಲ್ಲಿರುವ ಮೊಬೈಲಿಗೆ ಈಗ ಜಾಹೀರಾತು ಬರುತ್ತಿದೆ. ಕೂದಲು ಪರ್ಮನೆಂಟಾಗಿ ಹೋಗುತ್ತದೆ, ನೋವಿಲ್ಲ, ಪ್ಯಾಕೇಜ್ ಇದೆ, ಕಂತಿನಲ್ಲಿ ಕಟ್ಟಬಹುದು ಎನ್ನುತ್ತದೆ. ಹೈದರಾಬಾದ್, ಸೋಲಾಪುರ, ಕಲಬುರಗಿಗೆ ಹೆದ್ದಾರಿಯೂ ಇದೆ, ರೈಲೂ ಇದೆ. ಸಂಘದಲ್ಲಿ ಸಾಲ ತೆಗೆದಾದರೂ ಹೋಗಿಬರೋಣ ಅನ್ನಿಸುವುದು ಸಹಜ.

ದುಡ್ಡು ಕಟ್ಟುವ ಮೊದಲು ‘ಪರ್ಮನೆಂಟ್’ ಎಂಬ ಆ ಒಂದು ಮಾತಿನ ಚರಿತ್ರೆ ಓದಿರಿ ಎಂದು ನಾವು ಕೇಳುತ್ತೇವೆ. ಸುಮಾರು ನೂರೈವತ್ತು ವರ್ಷಗಳಿಂದ ಈ ಮಾತನ್ನು ಹೆಂಗಸರಿಗೆ ಮಾರಲಾಗುತ್ತಿದೆ. ಕೆಲವು ಸಲ ಅದು ನಿಜವಿತ್ತು, ಕೆಲವು ಸಲ ಅರ್ಧ ನಿಜ. ಎರಡು ಸಲವಂತೂ ಅದು ಜೀವಕ್ಕೇ ಎರವಾಯಿತು.

ಕಲ್ಯಾಣದ ಕಾಲದಲ್ಲಿ

ಮೊದಲು ನಮ್ಮ ಊರಿನಿಂದಲೇ ಶುರು ಮಾಡೋಣ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ಗುಡಿಯನ್ನು ನೋಡಿದವರಿಗೆ ಅಲ್ಲಿನ ಶಿಲಾಬಾಲಿಕೆಯರು ನೆನಪಿರುತ್ತಾರೆ. ಅವರಲ್ಲಿ ಒಬ್ಬಳು ಆರನೇ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತಿದ್ದಾಳೆ. ಒಡವೆ, ತುರುಬು, ಬಳೆ ಎಲ್ಲವನ್ನೂ ಶಿಲ್ಪಿ ಎಳೆಎಳೆಯಾಗಿ ಕೆತ್ತಿದ್ದಾನೆ. ಮೈ ಮಾತ್ರ ನುಣುಪು. ನುಣುಪು ಮೈಯೇ ಚೆಂದ ಎಂಬ ಎಣಿಕೆ ಟಿವಿ ಬರುವುದಕ್ಕೆ ಒಂಬೈನೂರು ವರ್ಷ ಮೊದಲೇ ನಮ್ಮಲ್ಲಿತ್ತು.

ಆ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ. ಈಗಿನ ಬಸವಕಲ್ಯಾಣವೇ ಅವನ ರಾಜಧಾನಿ. 1129ರ ಸುಮಾರಿಗೆ ಅವನು ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ಅದರ ನೂರು ಅಧ್ಯಾಯಗಳಲ್ಲಿ ರಾಜ್ಯಭಾರ, ಆನೆ ಹಿಡಿಯುವುದು, ಅಡುಗೆ, ಆಟ ಎಲ್ಲವೂ ಬರುತ್ತವೆ. ಎಣ್ಣೆಸ್ನಾನ, ಮೈಗೆ ಹಚ್ಚುವ ಗಂಧ, ಬಟ್ಟೆ, ಹೂಮಾಲೆಗಳಿಗೂ ಅದರಲ್ಲಿ ಜಾಗ ಇದೆ. ಮೈಯ ಆರೈಕೆ ರಾಜನೊಬ್ಬ ಕೂತು ಬರೆಯುವಷ್ಟು ದೊಡ್ಡ ವಿಷಯವಾಗಿತ್ತು.

ಕೂದಲು ಉದುರಿಸುವ ಲೇಪ ಇನ್ನೂ ಹಳೆಯದು. ಸುಶ್ರುತ ಸಂಹಿತೆ ಗಾಯದ ಚಿಕಿತ್ಸೆ ಹೇಳುವಾಗ, ಗಾಯದ ಸುತ್ತಲಿನ ಕೂದಲು ತೆಗೆಯಲು ಶಂಖದ ಪುಡಿ ಎರಡು ಪಾಲು, ಹರತಾಳ ಒಂದು ಪಾಲು ಸೇರಿಸಿ ಹುಳಿ ದ್ರವದಲ್ಲಿ ಅರೆಯಲು ಹೇಳುತ್ತದೆ. ಇರಾನ್, ತುರ್ಕಿ ಕಡೆಯ ಹಮಾಮುಗಳಲ್ಲಿ ಸುಣ್ಣ ಮತ್ತು ಹರತಾಳ ಕಲಸಿದ ‘ನೂರಾ’ ಎಂಬ ಲೇಪ ಬಳಸುತ್ತಿದ್ದರು. ಬಹಮನಿ ಸುಲ್ತಾನರ ಕಾಲದಲ್ಲಿ ಇರಾನ್ ಕಡೆಯ ಎಷ್ಟೋ ಜನ ಬೀದರಿಗೆ ಬಂದು ನೆಲೆಸಿದರು. ಬೀದರ್ ಕೋಟೆಯಲ್ಲಿ ಈಗ ವಸ್ತುಸಂಗ್ರಹಾಲಯ ಇರುವ ಕಟ್ಟಡ ಹಿಂದೆ ಅರಮನೆಯ ಹಮಾಮ್ ಆಗಿತ್ತು.

ಈ ಲೇಪ ಹೇಗೆ ಕೆಲಸ ಮಾಡುತ್ತದೆ ಎಂಬುದು ತೊಗಲು ಹದ ಮಾಡುವವರಿಗೆ ಗೊತ್ತಿತ್ತು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿದರೆ ಕೂದಲು ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಕೂದಲಿನ ಗಟ್ಟಿತನ ಇರುವುದು ಅದರೊಳಗಿನ ಗಂಧಕದ ಕಟ್ಟುಗಳಲ್ಲಿ. ಸುಣ್ಣ ಮತ್ತು ಗಂಧಕದ ರಾಸಾಯನಿಕ ಸೇರಿದರೆ ಆ ಕಟ್ಟು ಬಿಚ್ಚಿಹೋಗುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಕೂದಲು ತೆಗೆಯುವ ಕ್ರೀಮೂ ಇದೇ ಉಪಾಯದ್ದು, ರಾಸಾಯನಿಕ ಮಾತ್ರ ಬೇರೆ.

ಎರಡು ಮಾತು ನೆನಪಿಡಿ. ಒಂದು, ಹರತಾಳ ಎಂದರೆ ಆರ್ಸೆನಿಕ್, ಅಂದರೆ ಪಾಷಾಣದ ವಂಶ. ಹಳೆಯ ಗ್ರಂಥದಲ್ಲಿದೆ ಎಂದು ಯಾರಾದರೂ ಹೇಳಿದರೆ ಮನೆಯಲ್ಲಿ ಕಲಸಲು ಹೋಗಬೇಡಿ. ಎರಡು, ಲೇಪವಾಗಲಿ ಕ್ರೀಮಾಗಲಿ ಚರ್ಮದ ಮೇಲಿನ ಕೂದಲನ್ನಷ್ಟೇ ಕರಗಿಸುತ್ತದೆ, ಬೇರಿಗೆ ಏನೂ ಆಗುವುದಿಲ್ಲ. ಕೆಲವೇ ದಿನಗಳಲ್ಲಿ ಕೂದಲು ಮತ್ತೆ ಬರುತ್ತದೆ.

ಕತ್ತಿ ಮತ್ತು ದಾರ

ನಮ್ಮ ಭಾಗದಲ್ಲಿ ಕ್ಷೌರದ ಕಾಯಕ ಹಡಪದ ಸಮಾಜದ್ದು. ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣನವರನ್ನು ಅವರು ತಮ್ಮ ಕುಲಗುರು ಎಂದು ನೆನೆಯುತ್ತಾರೆ. ಗಂಡಸರಿಗೆ ಕತ್ತಿ ಇತ್ತು. ಹೆಂಗಸರಿಗೆ ಕಡಲೆಹಿಟ್ಟು, ಅರಿಶಿನ ಹಚ್ಚಿ ತಿಕ್ಕುವುದು, ಬೂದಿ ಹಚ್ಚಿ ಕೀಳುವುದು ಇತ್ತು. ದಾರ ಹಿಡಿದು ಕೀಳುವ ವಿದ್ಯೆ ಈಗ ಪ್ರತಿ ಪಾರ್ಲರಿನಲ್ಲೂ ಇದೆ.

ಬೋಳಿಸಿದರೆ ಕೂದಲು ದಪ್ಪ ಆಗುತ್ತದೆ ಎಂದು ನಮ್ಮ ಅಜ್ಜಿಯರು ಹೇಳುತ್ತಾರೆ. 1928ರಲ್ಲೇ ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಿದರು. ಬೋಳಿಸಿದ್ದರಿಂದ ಕೂದಲಿನ ದಪ್ಪವೂ ಹೆಚ್ಚಲಿಲ್ಲ, ಬೆಳೆಯುವ ವೇಗವೂ ಹೆಚ್ಚಲಿಲ್ಲ. ಕತ್ತಿ ಅಡ್ಡ ಕೊಯ್ಯುವುದರಿಂದ ತುದಿ ಮೊಂಡಾಗಿ ಕೈಗೆ ಚುಚ್ಚುತ್ತದೆ, ಅಷ್ಟೇ.

ದಾರ ಮತ್ತು ವ್ಯಾಕ್ಸ್ ಕೂದಲನ್ನು ಬುಡದಿಂದ ಎಳೆಯುತ್ತವೆ. ಹಾಗಾಗಿ ಕೆಲವು ವಾರ ನೆಮ್ಮದಿ. ಆದರೆ ಕೂದಲು ಹುಟ್ಟುವ ಗೂಡು ಚರ್ಮದೊಳಗೆ ಹಾಗೇ ಉಳಿದಿರುತ್ತದೆ. ಹೊಲದಲ್ಲಿ ಕರಕಿ ಕಿತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನದು ಕೈಗೆ ಬಂದರೂ ಒಳಗಿನ ಬೇರು ಮತ್ತೆ ಚಿಗುರುತ್ತದೆ. ಬಹುಕಾಲ ಬಾಳುವ ಚಿಕಿತ್ಸೆ ಎಂದರೆ ಆ ಗೂಡನ್ನೇ ಕೆಡಿಸಬೇಕು.

ಕಣ್ಣಿನ ಡಾಕ್ಟರ್ ಕಂಡುಕೊಂಡ ಸೂಜಿ

ಗೂಡನ್ನು ಕೆಡಿಸುವ ದಾರಿ ತೋರಿಸಿದ್ದು ಅಮೆರಿಕದ ಸೇಂಟ್ ಲೂಯಿಸ್ ಊರಿನ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್. ರೆಪ್ಪೆಗೂದಲು ಒಳಗೆ ತಿರುಗಿ ಕಣ್ಣುಗುಡ್ಡೆಗೆ ಚುಚ್ಚುವ ಕಾಯಿಲೆ ಇದೆ. ಕಿತ್ತರೆ ಮತ್ತೆ ಬರುತ್ತದೆ, ಮತ್ತೆ ಚುಚ್ಚುತ್ತದೆ. ಮಿಷೆಲ್ ಕೂದಲಿನ ಗೂಡಿನೊಳಗೆ ತೆಳ್ಳನೆಯ ಸೂಜಿ ಇಳಿಸಿ ಬ್ಯಾಟರಿಯ ಕರೆಂಟು ಹರಿಸಿದರು. ಆ ಕೂದಲು ಮತ್ತೆ ಬರಲಿಲ್ಲ. 1875ರಲ್ಲಿ ಅವರು ಇದನ್ನು ಪ್ರಕಟಿಸಿದರು. ಈ ಚಿಕಿತ್ಸೆಗೆ ಎಲೆಕ್ಟ್ರಾಲಿಸಿಸ್ ಎಂದು ಹೆಸರು.

ಕರೆಂಟು ಹರಿದಾಗ ಗೂಡಿನೊಳಗಿನ ಉಪ್ಪುನೀರು ಒಡೆದು ಕಾಸ್ಟಿಕ್ ಸೋಡಾ ಹುಟ್ಟುತ್ತದೆ. ಅದು ಬೇರನ್ನು ಸುಡುತ್ತದೆ. 1924ರಲ್ಲಿ ಫ್ರಾನ್ಸಿನ ಆನ್ರಿ ಬೋರ್ಡಿಯೆ ಬೇರೆ ಬಗೆಯ ಕರೆಂಟಿನಿಂದ ಬೇರನ್ನು ಕಾಯಿಸಿ ಕೊಲ್ಲುವ, ಬೇಗ ಮುಗಿಯುವ ವಿಧಾನ ತಂದರು. ಮುಂದೆ ಎರಡನ್ನೂ ಬೆರೆಸಿದ ‘ಬ್ಲೆಂಡ್’ ವಿಧಾನ ಬಂತು.

ಇದರ ಕಷ್ಟ ಒಂದೇ. ಒಂದು ಸಲಕ್ಕೆ ಒಂದು ಕೂದಲು. ಮುಖದ ನೂರಾರು ಕೂದಲಿಗೆ ನೂರಾರು ಸಲ ಸೂಜಿ. ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಕೂತರೂ ವರ್ಷ, ಒಂದೂವರೆ ವರ್ಷ ಹಿಡಿಯಬಹುದು. ನೋವೂ ಇದೆ. ಮಾಡುವವರ ಕೈ ಪಳಗಿರದಿದ್ದರೆ ಕಲೆ ಉಳಿಯುತ್ತದೆ. ಇದಕ್ಕಿಂತ ಬೇಗ ಆಗುವುದು, ನೋವಿಲ್ಲದ್ದು ಬೇಕು ಎಂದು ಜನ ಹುಡುಕಿದರು. ಅನಾಹುತ ಶುರುವಾಗಿದ್ದು ಅಲ್ಲಿಂದ.

ನೋವಿಲ್ಲದ ಕಿರಣ, ಪರಿಮಳದ ವಿಷ

1895ರಲ್ಲಿ ಜರ್ಮನಿಯ ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದರು. ಮರುವರ್ಷವೇ, 1896ರಲ್ಲಿ, ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಂಡ್ ಎಂಬ ವೈದ್ಯ ಐದು ವರ್ಷದ ಹುಡುಗಿಯ ಬೆನ್ನ ಮೇಲಿದ್ದ ಕೂದಲು ತುಂಬಿದ ದೊಡ್ಡ ಮಚ್ಚೆಗೆ ಎಕ್ಸ್‌ರೇ ಹಾಯಿಸಿದರು. ನೋವೇ ಇಲ್ಲದೆ ಕೂದಲು ಉದುರಿತು. ಆಮೇಲೆ ಬೆನ್ನಿನಲ್ಲಿ ಹುಣ್ಣಾಯಿತು. ಸುಮಾರು ಎಪ್ಪತ್ತು ವರ್ಷಗಳ ನಂತರ ವೈದ್ಯರು ಅದೇ ಮಹಿಳೆಯನ್ನು ಪರೀಕ್ಷಿಸಿದಾಗ ಆ ಜಾಗದ ಚರ್ಮ ಇನ್ನೂ ಕೆಟ್ಟೇ ಇತ್ತು, ಬೆನ್ನೂ ಬಾಗಿತ್ತು.

ಆದರೂ ವ್ಯಾಪಾರ ನಿಲ್ಲಲಿಲ್ಲ. 1920ರ ದಶಕದಲ್ಲಿ ಅಮೆರಿಕದ ಆಲ್ಬರ್ಟ್ ಗೈಸರ್ ಎಂಬ ವೈದ್ಯ ‘ಟ್ರೈಕೋ’ ಹೆಸರಿನ ಎಕ್ಸ್‌ರೇ ಯಂತ್ರ ತಂದ. ಅದನ್ನು ಊರೂರಿನ ಪಾರ್ಲರುಗಳಿಗೆ ಬಾಡಿಗೆಗೆ ಕೊಟ್ಟರು. ಅಲ್ಪಸ್ವಲ್ಪ ತರಬೇತಿ ಪಡೆದವರು ಅದನ್ನು ನಡೆಸಿದರು. ಹೆಂಗಸರು ಪೆಟ್ಟಿಗೆಯ ಕಿಂಡಿಗೆ ಕೆನ್ನೆ ಕೊಟ್ಟು ಕೂತರು. ಕೂದಲು ಹೋಯಿತು, ಎಲ್ಲರಿಗೂ ಸಂತೋಷ. ವರ್ಷಗಳು ಕಳೆದ ಮೇಲೆ ಚರ್ಮ ಸುಕ್ಕುಗಟ್ಟಿ, ಬಣ್ಣ ಕೆಟ್ಟು, ಹುಣ್ಣಾಗಿ, ಎಷ್ಟೋ ಜನರಿಗೆ ಕ್ಯಾನ್ಸರ್ ಬಂತು. 1929ರಲ್ಲಿ ಅಮೆರಿಕದ ವೈದ್ಯರ ಸಂಘ ಇದನ್ನು ಖಂಡಿಸಿತು. ಅಷ್ಟರಲ್ಲಿ ಸಾವಿರಾರು ಹೆಂಗಸರು ಆ ಕಿಂಡಿಯ ಮುಂದೆ ಕೂತು ಎದ್ದಿದ್ದರು.

ಅದೇ ಹೊತ್ತಿಗೆ, 1930ರ ಸುಮಾರಿಗೆ, ನ್ಯೂಯಾರ್ಕಿನಲ್ಲಿ ‘ಕೊರೆಮ್ಲು’ ಎಂಬ ಕ್ರೀಮು ಮಾರಾಟಕ್ಕೆ ಬಂತು. ಅದರಲ್ಲಿ ಇದ್ದದ್ದು ಥ್ಯಾಲಿಯಂ, ಇಲಿ ಪಾಷಾಣಕ್ಕೆ ಬಳಸುತ್ತಿದ್ದ ವಸ್ತು. ಮೀಸೆಗೆ ಹಚ್ಚಿಕೊಂಡ ಹೆಂಗಸರ ತಲೆಗೂದಲೂ ಉದುರಿತು, ಕೈಕಾಲು ಸೋತವು, ಕಣ್ಣು ಮಂಜಾದವು. ಆಗ ಅಮೆರಿಕದಲ್ಲಿ ಸೌಂದರ್ಯದ ಸರಕನ್ನು ಪರೀಕ್ಷಿಸುವ ಕಾನೂನೇ ಇರಲಿಲ್ಲ. ಇಂಥ ಪ್ರಕರಣಗಳ ನಂತರವೇ 1938ರಲ್ಲಿ ಅಲ್ಲಿ ಕಾನೂನು ಬಂತು.

ಇದು ದೂರದ ದೇಶದ ಹಳೆಯ ಕಥೆ ನಿಜ. ಆದರೆ ಅಲ್ಲಿ ಹೇಳಿದ ಮಾತುಗಳನ್ನು ಗಮನಿಸಿ. ನೋವಿಲ್ಲ, ಬೇಗ ಮುಗಿಯುತ್ತದೆ, ಪರ್ಮನೆಂಟ್. ಯಂತ್ರ ಹೊಸದು, ನಡೆಸುವವರು ಅರೆಬರೆ ಕಲಿತವರು, ಕೆಡುಕು ಕಾಣುವುದು ವರ್ಷಗಳ ಮೇಲೆ. ಕೆಟ್ಟಾಗ ಕೇಳಲು ಹೋದರೆ ಅಂಗಡಿ ಮುಚ್ಚಿರುತ್ತದೆ.

ಲೇಸರ್ ಬಂತು

1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದರು. 1983ರಲ್ಲಿ ಅಮೆರಿಕದ ಚರ್ಮವೈದ್ಯರಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಒಂದು ಮುಖ್ಯ ವಿಚಾರ ಹೇಳಿದರು. ಸರಿಯಾದ ಬಣ್ಣದ ಬೆಳಕನ್ನು ಸರಿಯಾದಷ್ಟು ಕ್ಷಣ ಮಾತ್ರ ಹಾಯಿಸಿದರೆ ಬೇಕಾದ ಭಾಗವನ್ನಷ್ಟೇ ಸುಡಬಹುದು, ಸುತ್ತಲಿನ ಚರ್ಮ ಉಳಿಯುತ್ತದೆ. ಕೂದಲಿನ ಕಪ್ಪು ಬಣ್ಣ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿ ಗೂಡನ್ನು ಕೆಡಿಸುತ್ತದೆ. ಕರಿ ಕಂಬಳಿ ಬಿಸಿಲಿಗೆ ಬೇಗ ಕಾಯುತ್ತದೆ, ಬಿಳಿ ಪಂಚೆ ಕಾಯುವುದಿಲ್ಲ ಎಂಬ ಲೆಕ್ಕವೇ ಇದು.

1995ರಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿನ ಔಷಧ ನಿಯಂತ್ರಣ ಇಲಾಖೆ, ಕೂದಲು ತೆಗೆಯುವ ಮೊದಲ ಲೇಸರಿಗೆ ಒಪ್ಪಿಗೆ ಕೊಟ್ಟಿತು. ಅದರಿಂದ ಹೋದ ಕೂದಲು ಮರಳಿ ಬಂತು. ಆಮೇಲೆ ಒಳ್ಳೆಯ ಯಂತ್ರಗಳು ಬಂದವು. ಆಗಲೂ ಆ ಇಲಾಖೆ ಲೇಸರಿಗೆ ‘ಶಾಶ್ವತವಾಗಿ ತೆಗೆಯುವುದು’ ಎಂಬ ಮಾತು ಬಳಸಲು ಬಿಡಲಿಲ್ಲ. ‘ಶಾಶ್ವತವಾಗಿ ಕಡಿಮೆ ಮಾಡುವುದು’ ಎಂದಷ್ಟೇ ಹೇಳಬಹುದು. ‘ತೆಗೆಯುವುದು’ ಎಂಬ ಮಾತು ಇಂದಿಗೂ 1875ರ ಆ ಸೂಜಿಯದೇ. ಭಾರತದ ಚರ್ಮವೈದ್ಯರ ಸಂಘವೂ ತನ್ನ ಮಾರ್ಗಸೂಚಿಯಲ್ಲಿ ಲೇಸರನ್ನು ಕೂದಲು ಕಡಿಮೆ ಮಾಡುವ ಚಿಕಿತ್ಸೆ ಎಂದೇ ಕರೆಯುತ್ತದೆ.

‘ತೆಗೆಯುವುದು’, ‘ಕಡಿಮೆ ಮಾಡುವುದು’. ಈ ಎರಡು ಮಾತಿನ ನಡುವೆ ನಮ್ಮ ಹಣ, ನಮ್ಮ ಆಸೆ ಎರಡೂ ಸಿಕ್ಕಿಕೊಂಡಿವೆ.

ನಮ್ಮ ಮೈಬಣ್ಣಕ್ಕೆ ಯಾವುದು?

ಲೇಸರ್ ಹುಟ್ಟಿದ್ದು ಬಿಳಿ ಚರ್ಮ, ಕರಿ ಕೂದಲಿನವರ ದೇಶದಲ್ಲಿ. ಅಲ್ಲಿ ಬೆಳಕು ನೇರವಾಗಿ ಕೂದಲನ್ನೇ ಹುಡುಕುತ್ತದೆ. ನಮ್ಮ ಚರ್ಮದಲ್ಲೂ ಕಪ್ಪು ಬಣ್ಣ ಇದೆ, ಹೊಲದ ಬಿಸಿಲಿಗೆ ಇನ್ನಷ್ಟು ಕಪ್ಪಾಗಿರುತ್ತದೆ. ತಪ್ಪು ಲೇಸರ್ ಹಾಯಿಸಿದರೆ ಚರ್ಮವೇ ಸುಡುತ್ತದೆ, ಕಪ್ಪು ಇಲ್ಲವೇ ಬಿಳಿ ಕಲೆ ಉಳಿಯುತ್ತದೆ.

ಮೊದಲು ಬಂದ ರೂಬಿ ಲೇಸರ್ ನಮ್ಮಂಥವರಿಗೆ ಆಗುವುದಿಲ್ಲ. ಡಯೋಡ್ ಲೇಸರನ್ನು ಎಚ್ಚರಿಕೆಯಿಂದ ಬಳಸಬಹುದು. ಎನ್‌ಡಿ-ಯಾಗ್ ಎಂಬ ಲೇಸರಿನ ಬೆಳಕು ಚರ್ಮದ ಮೇಲ್ಪದರವನ್ನು ದಾಟಿ ಆಳಕ್ಕೆ ಇಳಿಯುವುದರಿಂದ ಕಪ್ಪು ಮೈಬಣ್ಣಕ್ಕೆ ಹೆಚ್ಚು ಸುರಕ್ಷಿತ. ಅದರಿಂದ ಕೂದಲು ಕಡಿಮೆಯಾಗುವುದು ಸ್ವಲ್ಪ ನಿಧಾನ. ಆನ್‌ಲೈನ್‌ನಲ್ಲಿ ಮನೆಗೆ ತರಿಸಿಕೊಳ್ಳುವ ಐಪಿಎಲ್ ಯಂತ್ರಗಳ ಡಬ್ಬದ ಮೇಲೆ ಮೈಬಣ್ಣದ ಪಟ್ಟಿ ಇರುತ್ತದೆ, ಅದನ್ನು ನೋಡದೆ ಕೊಳ್ಳಬೇಡಿ. ತೀರ ಕಪ್ಪು ಬಣ್ಣಕ್ಕೆ ಬಳಸಬಾರದು ಎಂದು ಬಹಳಷ್ಟು ಕಂಪನಿಗಳೇ ಬರೆದಿರುತ್ತವೆ.

ಸೂಜಿಗೆ ಬಣ್ಣದ ಹಂಗಿಲ್ಲ. ಕಪ್ಪು ಚರ್ಮವಿರಲಿ, ಬೆಳ್ಳಗಾದ ಕೂದಲಿರಲಿ, ಕೆಲಸ ಮಾಡುತ್ತದೆ. ಬಿಳಿ ಕೂದಲಿಗೆ, ಸಣ್ಣ ನವಿರಿಗೆ ಲೇಸರ್ ಕೆಲಸ ಮಾಡುವುದಿಲ್ಲ. ಹಾಗಾಗಿ ಗದ್ದದ ಮೇಲೆ ಹತ್ತಿಪ್ಪತ್ತು ಕೂದಲಷ್ಟೇ ಇದ್ದರೆ, ಇಲ್ಲವೇ ವಯಸ್ಸಾಗಿ ಬೆಳ್ಳಗಾಗಿದ್ದರೆ ಸೂಜಿ ಸರಿ. ಹೆಚ್ಚು ಜಾಗದಲ್ಲಿ ದಪ್ಪ ಕರಿ ಕೂದಲಿದ್ದರೆ ಲೇಸರ್ ಬೇಗ ಆಗುತ್ತದೆ.

ಲೇಸರಿಗೆ ಒಂದು ಸಲ ಹೋದರೆ ಮುಗಿಯುವುದಿಲ್ಲ. ಯಾವ ದಿನ ನೋಡಿದರೂ ಒಂದಷ್ಟು ಕೂದಲು ಬೆಳೆಯುತ್ತಿರುತ್ತವೆ, ಉಳಿದವು ಮಲಗಿರುತ್ತವೆ. ಬೆಳೆಯುವ ಕೂದಲಿಗೆ ಮಾತ್ರ ಲೇಸರ್ ಸರಿಯಾಗಿ ತಾಗುತ್ತದೆ. ಅದಕ್ಕೇ ನಾಲ್ಕರಿಂದ ಎಂಟು ವಾರಕ್ಕೊಮ್ಮೆ, ಆರೆಂಟು ಸಲ ಹೋಗಬೇಕು. ಆಮೇಲೂ ವರ್ಷಕ್ಕೊಂದೆರಡು ಸಲ ಬೇಕಾಗಬಹುದು. ಪ್ಯಾಕೇಜಿನ ಬೆಲೆಗೆ ಎಂಟು ದಿನದ ಬಸ್ ಚಾರ್ಜು, ಎಂಟು ದಿನದ ಕೂಲಿ ಸೇರಿಸಿ ಲೆಕ್ಕ ಹಾಕಿರಿ. ಆಗ ನಿಜವಾದ ಬೆಲೆ ಗೊತ್ತಾಗುತ್ತದೆ.

ಮುಖದ ಲೇಸರಿನಲ್ಲಿ ಇನ್ನೊಂದು ವಿಚಿತ್ರ ಇದೆ. ಕೆಲವರಿಗೆ ಚಿಕಿತ್ಸೆ ಕೊಟ್ಟ ಜಾಗದ ಪಕ್ಕದ ನವಿರು ಕೂದಲು ದಪ್ಪಗಾಗಿ ಬೆಳೆಯುತ್ತದೆ. ಭಾರತದ ಕಡೆಯ ಹೆಂಗಸರಲ್ಲಿ, ಹಾರ್ಮೋನ್ ತೊಂದರೆ ಇದ್ದವರಲ್ಲಿ ಇದನ್ನು ವೈದ್ಯರು ಹೆಚ್ಚಾಗಿ ಕಂಡಿದ್ದಾರೆ. ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ನೀವೇ ಕೇಳಬೇಕು.

ಮುಲಾಮೂ ಒಂದಿದೆ, ಹೆಸರು ಎಫ್ಲಾರ್ನಿಥಿನ್. ಆಫ್ರಿಕಾದ ನಿದ್ರಾ ರೋಗಕ್ಕೆ ಕೊಡುತ್ತಿದ್ದ ಔಷಧಿ ಅದು. ಹೆಂಗಸರ ಮುಖದ ಕೂದಲಿಗೆ ಹಚ್ಚಲು 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಕೂದಲನ್ನು ತೆಗೆಯುವುದಿಲ್ಲ, ಬೆಳೆಯುವುದನ್ನು ನಿಧಾನ ಮಾಡುತ್ತದೆ. ಹಚ್ಚುವುದು ಬಿಟ್ಟರೆ ಎರಡು ತಿಂಗಳಲ್ಲಿ ಮೊದಲಿನಂತೆ ಆಗುತ್ತದೆ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಬಳಸಬೇಕು.

ಕೂದಲಿಗಿಂತ ಮೊದಲು ಕಾರಣ

ಇಷ್ಟು ಚರಿತ್ರೆಯಲ್ಲಿ ಬಹುಕಾಲ ಯಾರೂ ಸರಿಯಾಗಿ ಕೇಳದ ಪ್ರಶ್ನೆ ಒಂದಿದೆ. ಆ ಕೂದಲು ಯಾಕೆ ಬಂತು?

1935ರಲ್ಲಿ ಅಮೆರಿಕದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು ಏಳು ಹೆಂಗಸರ ಬಗ್ಗೆ ಬರೆದರು. ಅವರಿಗೆ ಮುಟ್ಟು ಸರಿಯಾಗಿ ಬರುತ್ತಿರಲಿಲ್ಲ, ಅಂಡಾಶಯ ದಪ್ಪಗಾಗಿತ್ತು, ಕೆಲವರಿಗೆ ಮೈಮುಖದ ಮೇಲೆ ಕೂದಲು ಬಂದಿತ್ತು. ಇಂದು ಎಲ್ಲರ ಬಾಯಲ್ಲಿ ಇರುವ ಪಿಸಿಓಎಸ್, ಜನ ಪಿಸಿಓಡಿ ಎನ್ನುವುದು, ಇದೇ. ಹೆಣ್ಣಿನ ಮೈಯಲ್ಲೂ ಸ್ವಲ್ಪ ಇರುವ ಗಂಡು ಹಾರ್ಮೋನ್ ಹೆಚ್ಚಾದಾಗ ನವಿರು ಕೂದಲು ದಪ್ಪ ಕೂದಲಾಗುತ್ತದೆ. ಇವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವವೂ ಹೆಚ್ಚು.

ಹಾರ್ಮೋನ್ ಸರಿಪಡಿಸದೆ ಲೇಸರ್ ಮಾಡಿಸಿದರೆ ಒಂದು ಕಡೆ ಹೋದ ಕೂದಲು ಇನ್ನೊಂದು ಕಡೆ ಹುಟ್ಟುತ್ತಲೇ ಇರುತ್ತದೆ. ಹಾಗಾಗಿ ಮುಖದ ಕೂದಲಿನ ಜೊತೆ ಮುಟ್ಟು ಏರುಪೇರಾಗಿದ್ದರೆ, ತೂಕ ಏರುತ್ತಿದ್ದರೆ, ಮೊಡವೆ ಹೆಚ್ಚಿದ್ದರೆ ಮೊದಲು ಸ್ತ್ರೀರೋಗ ವೈದ್ಯರ ಹತ್ತಿರ ಹೋಗಿರಿ. ಕೆಲವೇ ತಿಂಗಳಲ್ಲಿ ಕೂದಲು ವೇಗವಾಗಿ ಹೆಚ್ಚಿ ದನಿಯೂ ಗಡಸಾದರೆ ಒಂದು ದಿನವೂ ತಡ ಮಾಡಬೇಡಿ. ಇದಕ್ಕೆ ಹೈದರಾಬಾದಿಗೆ ಹೋಗಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಬಹುದು. ಬೀದರಿನ ಬ್ರಿಮ್ಸ್, ಕಲಬುರಗಿಯ ಜಿಮ್ಸ್ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳು.

ಹೋಗುವುದಾದರೆ ಇದನ್ನು ಕೇಳಿರಿ

ಕಾರಣ ತಿಳಿದ ಮೇಲೂ ಮಾಡಿಸಬೇಕು ಅನ್ನಿಸಿದರೆ ಮಾಡಿಸಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗೂ ಇದು ದೊಡ್ಡ ಆಸರೆ. ಆದರೆ ದುಡ್ಡು ಕಟ್ಟುವ ಮೊದಲು ಕೇಳಿರಿ:

- ಯಂತ್ರ ಹಿಡಿಯುವವರು ಯಾರು? ಚರ್ಮರೋಗ ತಜ್ಞರು ಅಲ್ಲಿ ಇರುತ್ತಾರಾ?
- ಕ್ಲಿನಿಕ್ಕಿನ ಕೆಪಿಎಂಇ ನೋಂದಣಿ ಪತ್ರ ಗೋಡೆಯ ಮೇಲೆ ಇದೆಯಾ? ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳಿಗೆ ಅದು ಕಡ್ಡಾಯ.
- ಯಾವ ಲೇಸರ್? ನನ್ನ ಮೈಬಣ್ಣಕ್ಕೆ ಆಗುತ್ತದಾ? ಮೊದಲು ಸಣ್ಣ ಜಾಗದಲ್ಲಿ ಹಾಕಿ ನೋಡುತ್ತೀರಾ?
- ಸೂಜಿಯಾದರೆ, ಪ್ರತಿಯೊಬ್ಬರಿಗೂ ಹೊಸ ಸೂಜಿ ಬಳಸುತ್ತೀರಾ?
- ಒಂದೊಂದು ಸಲಕ್ಕೆ ದುಡ್ಡು ಕಟ್ಟಬಹುದಾ, ಪೂರ್ತಿ ಪ್ಯಾಕೇಜ್ ಮೊದಲೇ ಕಟ್ಟಬೇಕಾ?

ಲೇಸರಿಗೆ ಹೋಗುವ ತಿಂಗಳು, ಒಂದೂವರೆ ತಿಂಗಳ ಮೊದಲಿನಿಂದ ದಾರ, ವ್ಯಾಕ್ಸ್ ಬಿಡಬೇಕು. ಬೇರು ಒಳಗಿದ್ದರೇ ಬೆಳಕಿಗೆ ಕೆಲಸ. ಬೋಳಿಸಿಕೊಂಡರೆ ತೊಂದರೆ ಇಲ್ಲ. ರಾಶಿ, ಕಳೆ ಎಂದು ದಿನವಿಡೀ ಬಿಸಿಲಲ್ಲಿ ದುಡಿಯುವ ತಿಂಗಳುಗಳಲ್ಲಿ ಮಾಡಿಸಬೇಡಿ. ಹೊರಗೆ ಹೋದಾಗ ಸೆರಗು, ಸ್ಕಾರ್ಫಿನಿಂದ ಮುಖ ಮುಚ್ಚಿಕೊಳ್ಳಿ. ಬಸುರಿಯಾಗಿದ್ದರೆ, ಯಾವುದೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿರಿ.

ಇನ್ನು ಮಾಡಿಸಲು ಮನಸ್ಸಿಲ್ಲದವರಿಗೂ ಒಂದು ಮಾತು. ಈ ಕಲ್ಯಾಣಕ್ಕೆ ಅಕ್ಕಮಹಾದೇವಿ ಬಂದಾಗ ಕೂದಲನ್ನೇ ಮೈಗೆ ಹೊದ್ದಿದ್ದಳು ಎನ್ನುತ್ತದೆ ಪರಂಪರೆ. ಅನುಭವ ಮಂಟಪದಲ್ಲಿ ಅವಳನ್ನು ಅಳೆದದ್ದು ಅವಳ ಮಾತಿನಿಂದ. ಹೆಣ್ಣು ನೋಡಲು ಹೋಗುವ ಹಿರಿಯರು, ತಮಾಷೆ ಮಾಡುವ ಗಂಡುಹುಡುಗರು ಇದನ್ನು ಅರಿತರೆ ಎಷ್ಟೋ ಮನೆಗಳಲ್ಲಿ ಸಾಲವೇ ಬೇಕಾಗುವುದಿಲ್ಲ.

ಈ ಬರಹವನ್ನು ಮನೆಯ ಹೆಣ್ಣುಮಕ್ಕಳಿಗೆ ಕಳಿಸಿ. ಅವರು ಏನೂ ಹೇಳದೇ ಇರಬಹುದು, ಓದಿಕೊಳ್ಳಲಿ. ಅವ್ವಂದಿರು ಓದಿದರೆ ಇನ್ನೂ ಒಳ್ಳೆಯದು, ಆಸ್ಪತ್ರೆಗೆ ಜೊತೆಗೆ ಹೋಗುವವರು ಅವರೇ.